ಟಿಕಿ ಬಾರ್ ಮತ್ತು ಪಾಲಿನೇಷ್ಯಾ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಬಂದ ನೆಂಟರನ್ನೋ ಸ್ನೇಹಿತರನ್ನೋ ಟಿಕಿ ಬಾರ್‌ಗೆ ಕರೆದುಕೊಂಡು ಹೋದರೆ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಈ ಮೂರ್ತಿ ಯಾರದು? ಮಾಂಸ ತಿನ್ನದವರಿಗೆ ಏನಿದೆ? ಇನ್ನು ಹವಾಯಿಗೋ ತಹಿತಿಗೋ ಹೊರಟವರು ಊರಿನಿಂದ ಫೋನ್ ಮಾಡಿ ಕೇಳುವುದು ಬೇರೆಯೇ. ಎಲ್ಲಕ್ಕೂ ಒಂದೇ ಕಡೆ ಉತ್ತರ ಇರಲಿ ಎಂದು ಇದನ್ನು ಬರೆದಿದ್ದೇನೆ.

ಟಿಕಿ ಬಾರ್ ಅಂದರೆ ಸರಿಯಾಗಿ ಏನು?

ಪೆಸಿಫಿಕ್ ದ್ವೀಪಗಳ ಬಗ್ಗೆ ಅಮೆರಿಕನ್ನರು ಕಂಡ ಕನಸನ್ನು ನಾಲ್ಕು ಗೋಡೆಗಳ ಒಳಗೆ ಕಟ್ಟಿದ ಜಾಗ. ಬಹಳಷ್ಟು ಟಿಕಿ ಬಾರ್‌ಗಳಿಗೆ ಕಿಟಕಿಯೇ ಇರುವುದಿಲ್ಲ. ಹೊರಗೆ ಮಟಮಟ ಮಧ್ಯಾಹ್ನವಾಗಿದ್ದರೂ ಒಳಗೆ ಮುಸ್ಸಂಜೆ. ಬಿದಿರಿನ ಗೋಡೆ, ಹೆಣೆದ ಚಾಪೆ, ಸೂರಿನಿಂದ ತೂಗುಬಿಟ್ಟ ದೋಣಿ, ಮೀನುಬಲೆಗೆ ಕಟ್ಟುವ ಗಾಜಿನ ಗುಂಡುಗಳು, ಒಣಗಿಸಿದ ಮುಳ್ಳುಮೀನಿನ ಹೊಟ್ಟೆಯೊಳಗೆ ಬಲ್ಬ್ ಇಟ್ಟು ಮಾಡಿದ ದೀಪ, ಮರದಲ್ಲಿ ಕೆತ್ತಿದ ದೊಡ್ಡ ಕಣ್ಣಿನ ಮುಖಗಳು. ಕುಡಿಯಲು ಮುಖ್ಯವಾಗಿ ರಮ್. ಹಿನ್ನೆಲೆಯಲ್ಲಿ ವೈಬ್ರಫೋನ್ ಮತ್ತು ಹಕ್ಕಿ-ಕಪ್ಪೆಗಳ ಕೂಗು ಬೆರೆತ ಸಂಗೀತ. 1950ರ ದಶಕದಲ್ಲಿ ಹೊನೊಲುಲುವಿನಲ್ಲಿ ಪಿಯಾನೋ ನುಡಿಸುತ್ತಿದ್ದ ಮಾರ್ಟಿನ್ ಡೆನ್ನಿಯ ತಂಡ ಈ ಶೈಲಿಗೆ ಹೆಸರು ತಂದುಕೊಟ್ಟಿತು. ಆ ಹಕ್ಕಿ ಕೂಗುಗಳನ್ನು ತಂಡದವರೇ ಬಾಯಲ್ಲಿ ಹೊರಡಿಸುತ್ತಿದ್ದರು.

ಹಾಗಾದರೆ ಇದು ಪಾಲಿನೇಷ್ಯಾದವರ ಸಂಪ್ರದಾಯವೇ?

ಅಲ್ಲ. ಇದೊಂದು ತಿಳಿದರೆ ಉಳಿದದ್ದೆಲ್ಲ ಸಲೀಸು.

ಹವಾಯಿ, ನ್ಯೂಜಿಲೆಂಡ್, ರಾಪಾ ನುಯಿ (ಈಸ್ಟರ್ ದ್ವೀಪ) ಈ ಮೂರನ್ನು ಮೂಲೆಗಳಾಗಿ ಇಟ್ಟು ಗೆರೆ ಎಳೆದರೆ ಸಿಗುವ ತ್ರಿಕೋನವೇ ಪಾಲಿನೇಷ್ಯಾ. ಯುರೋಪಿಯನ್ನರು ಬರುವವರೆಗೆ ಅಲ್ಲಿ ಮದ್ಯ ತಯಾರಿಸುವ ಪದ್ಧತಿಯೇ ಇರಲಿಲ್ಲ. ಹಲವು ದ್ವೀಪಗಳಲ್ಲಿ ಕಾವಾ ಗಿಡದ ಬೇರನ್ನು ಕುಟ್ಟಿ ನೀರಲ್ಲಿ ಕದಡಿ ಕುಡಿಯುತ್ತಿದ್ದರು. ಟಿಕಿ ಬಾರ್‌ನ ಜೀವಾಳವಾದ ರಮ್ ಭೂಗೋಳದ ಇನ್ನೊಂದು ಮಗ್ಗುಲಿನ ಕೆರೀಬಿಯನ್‌ನದು, ಗುಲಾಮರ ಬೆವರಿನಲ್ಲಿ ಬೆಳೆದ ಕಬ್ಬಿನದು. ತಟ್ಟೆಯಲ್ಲಿ ಬರುವ ತಿಂಡಿ ಬಹುಪಾಲು ಅಮೆರಿಕದ ಕ್ಯಾಂಟನೀಸ್ ಅಡುಗೆ. ಗೋಡೆಯ ಮೇಲಿನ ಮುಖಗಳು ಮಾತ್ರ ಪಾಲಿನೇಷ್ಯಾದ ಕೆತ್ತನೆಗಳನ್ನು ನೋಡಿ ಮಾಡಿದವು. ಮಾವೊರಿಗಳಲ್ಲಿ ಟಿಕಿ ಎಂದರೆ ಮೊದಲ ಮನುಷ್ಯ. ಮಾರ್ಕೆಸಾಸ್ ದ್ವೀಪಗಳಲ್ಲಿ ಪೂರ್ವಜರ, ದೇವತೆಗಳ ಕಲ್ಲು-ಮರದ ಮೂರ್ತಿ.

ಇದನ್ನೆಲ್ಲ ಶುರು ಮಾಡಿದವರು ಯಾರು?

ಅರ್ನೆಸ್ಟ್ ರೇಮಂಡ್ ಬೋಮಾಂಟ್ ಗ್ಯಾಂಟ್ ಎಂಬ ಅಲೆಮಾರಿ. ಹರೆಯದಲ್ಲಿ ಕೆರೀಬಿಯನ್, ಪೆಸಿಫಿಕ್ ಎಲ್ಲ ಸುತ್ತಿ ಕೊನೆಗೆ ಹಾಲಿವುಡ್ ಸೇರಿದ. ಅಮೆರಿಕದಲ್ಲಿ 1920ರಿಂದ ಇದ್ದ ಪಾನನಿಷೇಧ 1933ರ ಡಿಸೆಂಬರ್ 5ಕ್ಕೆ ಮುಗಿಯಿತು. ಅದರ ಬೆನ್ನಿಗೇ ಈತ ಒಂದು ಪುಟ್ಟ ಬಾರ್ ತೆರೆದ. ಆಗ ರಮ್ ತೀರಾ ಅಗ್ಗ, ಯಾರಿಗೂ ಬೇಡದ ಸರಕು. ಅದನ್ನೇ ಹಿಡಿದು ಬೇರೆ ಬೇರೆ ದ್ವೀಪಗಳ ರಮ್‌ಗಳನ್ನು ಒಂದೇ ಲೋಟದಲ್ಲಿ ಬೆರೆಸುವ ವಿದ್ಯೆ ಸಾಧಿಸಿದ. ಬಾರ್‌ನ ಹೆಸರು ಡಾನ್ ದಿ ಬೀಚ್‌ಕೋಂಬರ್ ಎಂದಾಯಿತು, ಅವನೂ ಕಾನೂನು ಪ್ರಕಾರವೇ ಡಾನ್ ಬೀಚ್ ಎಂದು ಹೆಸರು ಬದಲಿಸಿಕೊಂಡ. ತಗಡಿನ ಸೂರಿನ ಮೇಲೆ ಪೈಪಿನಿಂದ ನೀರು ಬಿಟ್ಟು ಮಳೆ ಸದ್ದು ಮಾಡಿಸುತ್ತಿದ್ದನಂತೆ. ಹೊರಗೆ ಮಳೆ ಎಂದುಕೊಂಡ ಗಿರಾಕಿ ಇನ್ನೊಂದು ಲೋಟ ಹೇಳುತ್ತಿದ್ದ.

ಈ ಕಥೆ ಹೇಳುವವರು ಸನ್ನಿ ಸಂಡ್ ಹೆಸರನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ಆಕೆ ಡಾನ್‌ನ ಹೆಂಡತಿಯಾಗಿದ್ದಳು. 1940ರಲ್ಲಿ ವಿಚ್ಛೇದನವಾದ ಮೇಲೂ ಅಮೆರಿಕದ ವ್ಯವಹಾರ ಅವಳ ಕೈಯಲ್ಲೇ ಉಳಿಯಿತು. ಒಂದು ಬಾರ್ ಹಲವು ಊರುಗಳಲ್ಲಿ ಶಾಖೆ ತೆರೆದು ಬೆಳೆದದ್ದು ಆಕೆಯ ಲೆಕ್ಕಾಚಾರದಿಂದ. ತನ್ನದೇ ಹೆಸರಿನ ಅಂಗಡಿ ಅಲ್ಲಿ ನಡೆಸುವ ಹಕ್ಕಿಲ್ಲದೆ ಡಾನ್ ಹವಾಯಿಗೆ ಹೋಗಿ ನೆಲೆಸಿದ.

ಇನ್ನೊಬ್ಬ ವಿಕ್ಟರ್ ಬರ್ಜೆರಾನ್. ಓಕ್‌ಲೆಂಡ್‌ನಲ್ಲಿ 1934ರಲ್ಲಿ ಸಣ್ಣದೊಂದು ಹೋಟೆಲ್ ತೆರೆದಿದ್ದವನು ಡಾನ್‌ನ ಬಾರ್ ನೋಡಿ ಬಂದು ತನ್ನದನ್ನು ಟ್ರೇಡರ್ ವಿಕ್ಸ್ ಮಾಡಿದ. ಹಿಲ್ಟನ್ ಹೋಟೆಲುಗಳ ಜೊತೆ ಸೇರಿ ಅದನ್ನು ಜಗತ್ತಿನ ಹಲವು ನಗರಗಳಿಗೆ ಒಯ್ದವನೂ ಅವನೇ. ಡಾನ್ ಕಲೆಗಾರ, ವಿಕ್ ವ್ಯಾಪಾರಿ ಎನ್ನುವವರಿದ್ದಾರೆ. ವಿಕ್‌ನ ನಾಲಿಗೆಯ ಹದ ಡಾನ್‌ನದಕ್ಕಿಂತ ಏನೂ ಕಡಿಮೆಯಿರಲಿಲ್ಲ ಎಂಬುದಕ್ಕೆ ಅವನು ಮಾಡಿದ ಮೈ ತೈ ಎಂಬ ರಮ್ ಪಾನೀಯ ಒಂದೇ ಸಾಕು.

ಬಾರ್‌ ಹಿಂದೆ ನಿಂತು ಕಲಸುತ್ತಿದ್ದವರು ಯಾರು?

ಈ ಪ್ರಶ್ನೆಯನ್ನು ಯಾರೂ ಪದೇ ಪದೇ ಕೇಳುವುದಿಲ್ಲ. ಆದರೂ ನಾನೇ ಇಲ್ಲಿ ಸೇರಿಸಿದ್ದೇನೆ, ಯಾಕೆಂದರೆ ನನ್ನ ಮಟ್ಟಿಗೆ ಟಿಕಿಯ ಇಡೀ ಕಥೆ ಇವರದು.

ಕಲಸುತ್ತಿದ್ದವರು ಬಹುತೇಕ ಫಿಲಿಪಿನೋಗಳು. ಅಡುಗೆಮನೆಯಲ್ಲಿ ಚೀನೀಯರು. ಫಿಲಿಪ್ಪೀನ್ಸ್ 1898ರಲ್ಲಿ ಸ್ಪೇನ್ ಕೈಯಿಂದ ಅಮೆರಿಕದ ಕೈಗೆ ಹೋಗಿತ್ತು. ಹಾಗಾಗಿ ಬೇರೆ ಏಷ್ಯನ್ನರಿಗೆ ಬಾಗಿಲು ಮುಚ್ಚಿದ್ದಾಗಲೂ ಫಿಲಿಪಿನೋ ಹುಡುಗರು ಕ್ಯಾಲಿಫೋರ್ನಿಯಾಕ್ಕೆ ಬರಬಹುದಿತ್ತು. ಬಂದವರಿಗೆ ಪೌರತ್ವ ಇರಲಿಲ್ಲ. ಬಿಳಿಯರನ್ನು ಮದುವೆಯಾಗುವುದನ್ನು ಕ್ಯಾಲಿಫೋರ್ನಿಯಾ 1933ರಲ್ಲಿ ಕಾನೂನು ತಿದ್ದಿ ತಡೆಯಿತು. ಮರುವರ್ಷ ಬಂದ ಕಾಯ್ದೆ, ಫಿಲಿಪ್ಪೀನ್ಸ್ ಕಡೆಯಿಂದ ವಲಸೆ ಬರುವವರನ್ನು ವರ್ಷಕ್ಕೆ 50 ಮಂದಿಗೆ ಇಳಿಸಿತು. ಉಳಿದ ಕೆಲಸ ತೋಟದ ಕೂಲಿ, ಹೋಟೆಲ್ ಚಾಕರಿ, ಬಾರ್.

ಅಂಥ ಬಾರ್‌ಗಳಲ್ಲಿ ಇವರು ಗಿರಾಕಿಯ ಕಣ್ಣಿಗೆ "ದ್ವೀಪದವರು" ಆಗಿ ಕಾಣಬೇಕಿತ್ತು, ಕೈ ಮಾತ್ರ ಗಡಿಯಾರದ ಹಾಗೆ ನಡೆಯಬೇಕಿತ್ತು. ಡಾನ್ ತನ್ನ ಮಿಶ್ರಣಗಳ ಗುಟ್ಟು ಬಿಡುತ್ತಿರಲಿಲ್ಲ. ಪ್ರತಿಸ್ಪರ್ಧಿಗಳು ಕೆಲಸದವರನ್ನು ಸೆಳೆದುಕೊಂಡರೂ ಗುಟ್ಟು ಹೊರಬೀಳದಿರಲಿ ಎಂದು ಬಾಟಲಿಗಳ ಮೇಲೆ ಬರೀ ಸಂಕೇತ ಬರೆಸಿದ್ದ. "ಡಾನ್ಸ್ ಮಿಕ್ಸ್ ಅರ್ಧ ಔನ್ಸ್, ಇಂಥ ನಂಬರಿನ ಸ್ಪೈಸ್ ಒಂದು ಚಿಟಿಕೆ" ಎಂದು ಹಾಕುತ್ತಿದ್ದ ಬಾರ್‌ಟೆಂಡರಿಗೇ ಅದರೊಳಗೆ ಏನಿದೆ ಗೊತ್ತಿರಲಿಲ್ಲ. ಆದರೂ ಅವರು ನೋಡಿ, ರುಚಿ ನೋಡಿ, ಕಿಸೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ದಶಕಗಳ ಬಳಿಕ ಜೆಫ್ ಬೆರ್ರಿ ಎಂಬ ಸಂಶೋಧಕ ಜೋಂಬಿ ಎಂಬ ಕಾಕ್‌ಟೇಲ್‌ನ ಮೂಲ ಅಳತೆ ಹುಡುಕಿದ್ದು ಇಂಥದೇ ಒಂದು ಪುಸ್ತಕದಿಂದ, ಡಿಕ್ ಸ್ಯಾಂಟಿಯಾಗೊ ಎಂಬ ಕೆಲಸಗಾರ 1937ರ ಸುಮಾರಿಗೆ ಬರೆದಿಟ್ಟದ್ದರಿಂದ. ಅದರಲ್ಲೂ "ಡಾನ್ಸ್ ಮಿಕ್ಸ್" ಎಂದೇ ಇತ್ತು. ಅದು ಎರಡು ಪಾಲು ಗ್ರೇಪ್‌ಫ್ರೂಟ್ ರಸಕ್ಕೆ ಒಂದು ಪಾಲು ದಾಲ್ಚಿನ್ನಿ ಸಿರಪ್ ಎಂದು ತಿಳಿಯಲು ಮತ್ತೊಬ್ಬ ಹಳೆಯ ಬಾರ್‌ಟೆಂಡರನ್ನು ಹುಡುಕಿಕೊಂಡು ಹೋಗಬೇಕಾಯಿತು.

ಡಾನ್‌ನ ಮೊದಲ ಹುಡುಗರಲ್ಲಿ ಒಬ್ಬ ರೇ ಬುಹೆನ್. ಅವನು 1961ರಲ್ಲಿ ಲಾಸ್ ಏಂಜಲಿಸ್‌ನ ಸನ್‌ಸೆಟ್ ಬೂಲೆವಾರ್ಡ್‌ನಲ್ಲಿ ಟಿಕಿ-ಟಿ ಎಂಬ ಸ್ವಂತ ಬಾರ್ ತೆರೆದ. ಹನ್ನೆರಡು ಸ್ಟೂಲುಗಳು, ಗೋಡೆಗೆ ಒತ್ತಿದ ಕೆಲವು ಮೇಜುಗಳು, ಅಷ್ಟೇ ಜಾಗ. ಅವನ ಬಳಿಕ ಮಗ, ಮೊಮ್ಮಗ ನಡೆಸಿಕೊಂಡು ಬಂದಿದ್ದಾರೆ. ಇನ್ನೊಬ್ಬ ಮಾರಿಯಾನೊ ಲಿಕುಡಿನೆ, ಫ್ಲೋರಿಡಾದ ಮೈ-ಕೈ ಎಂಬ ಟಿಕಿ ರೆಸ್ಟೋರೆಂಟಿಗೆ ಹೋಗಿ ಅಲ್ಲಿನ ಪಾನೀಯಗಳ ಪಟ್ಟಿಯನ್ನೇ ಕಟ್ಟಿಕೊಟ್ಟ. ಒಳ್ಳೆಯ ಟಿಕಿ ಬಾರ್‌ನಲ್ಲಿ ಕೂತಾಗ ನಾನು ಗೋಡೆಯ ಮುಖಗಳಿಗಿಂತ ಮೊದಲು ನೆನೆಯುವುದು ಈ ಹೆಸರುಗಳನ್ನು.

ಇಷ್ಟು ಹರಡಿದ್ದು ಯಾಕೆ, ಆಮೇಲೆ ನೆಲಕಚ್ಚಿದ್ದು ಯಾಕೆ?

ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಅಮೆರಿಕನ್ ಸೈನಿಕರು ಪೆಸಿಫಿಕ್ ನೋಡಿ ಬಂದರು. 1947ರಲ್ಲಿ ಥಾರ್ ಹೆಯರ್‌ಡಾಲ್ ಕಾನ್-ಟಿಕಿ ಎಂಬ ತೆಪ್ಪದಲ್ಲಿ ಪೆರುವಿನಿಂದ ಪಾಲಿನೇಷ್ಯಾಕ್ಕೆ ತೇಲಿ ಹೋದ. 1959ರಲ್ಲಿ ಹವಾಯಿ ಅಮೆರಿಕದ ರಾಜ್ಯವಾಯಿತು, ಜೆಟ್ ವಿಮಾನ ಬಂತು. ಊರೂರಲ್ಲೂ ಟಿಕಿ ಎದ್ದಿತು, ಮೋಟೆಲ್, ಅಪಾರ್ಟ್‌ಮೆಂಟ್ ಕೂಡ. ಮುಂದಿನ ಪೀಳಿಗೆಗೆ ಅದು ಅಪ್ಪ-ಅಮ್ಮನ ಕಾಲದ ಹಳಸಲು ರುಚಿಯಾಯಿತು. ವಿಯೆಟ್ನಾಂ ಯುದ್ಧದ ಚಿತ್ರಗಳನ್ನು ಟಿವಿಯಲ್ಲಿ ಕಂಡವರಿಗೆ ಹುಲ್ಲಿನ ಗುಡಿಸಲಿನ ಕನಸು ಹಿಡಿಸಲೂ ಇಲ್ಲ. ಮಿಶ್ರಣಗಳು ಕೆಟ್ಟವು, ತಾಜಾ ನಿಂಬೆಯ ಜಾಗಕ್ಕೆ ಡಬ್ಬದ ಸಿಹಿ ನೀರು ಬಂತು. ಒಹಾಯೊದ ಕೊಲಂಬಸ್‌ನಲ್ಲಿ ದೋಣಿಮನೆಯ ಆಕಾರದ ಕಹಿಕಿ ಎಂಬ ಭವ್ಯ ರೆಸ್ಟೋರೆಂಟ್ ಇತ್ತು. ರಾಷ್ಟ್ರೀಯ ಐತಿಹಾಸಿಕ ಕಟ್ಟಡಗಳ ಪಟ್ಟಿಗೆ ಸೇರಿದ್ದರೂ 2000ದಲ್ಲಿ ಅದನ್ನು ಕೆಡವಿ ಔಷಧಿ ಅಂಗಡಿ ಕಟ್ಟಿದರು. ಆ ಸುಮಾರಿಗೇ ಬೆರ್ರಿಯಂಥವರು ಹಳೆಯ ಅಳತೆಗಳನ್ನು ಮತ್ತೆ ಬೆಳಕಿಗೆ ತಂದಿದ್ದರಿಂದ ಈಗಿನ ಮರುಹುಟ್ಟು.

ಮೈ ತೈಗೆ ಅನಾನಸ್ ರಸ ಹಾಕಬೇಕೇ?

ಬೇಡ. ವಿಕ್ 1944ರಲ್ಲಿ ಮಾಡಿದ ಮೈ ತೈಯಲ್ಲಿ ಅನಾನಸ್ ಇರಲೇ ಇಲ್ಲ. 17 ವರ್ಷ ಹಳೆಯ ಜಮೈಕಾ ರಮ್ ಅವನ ಕೈಗೆ ಸಿಕ್ಕಿತ್ತು. ಅದರ ರುಚಿ ಮುಚ್ಚದ ಹಾಗೆ ಮಿಕ್ಕಿದ್ದನ್ನೆಲ್ಲ ಹದವಾಗಿ ಇಟ್ಟ. ಅಳತೆ ಹೀಗೆ: ರಮ್ 60 ಎಂಎಲ್, ತಾಜಾ ನಿಂಬೆರಸ 30, ಕಿತ್ತಳೆ ಸಿಪ್ಪೆಯ ಕ್ಯುರಸಾವ್ ಮದ್ಯ 15, ಬಾದಾಮಿಯ ಓರ್ಜಾ ಸಿರಪ್ 15, ಸಕ್ಕರೆ ಪಾಕ 7.5. ಪುಡಿ ಐಸ್ ಜೊತೆ ಚೆನ್ನಾಗಿ ಕುಲುಕಿ, ಹಿಂಡಿದ ನಿಂಬೆ ಹೋಳನ್ನು ಮೇಲೆ ಬೋರಲು ಹಾಕಿ, ಪಕ್ಕಕ್ಕೆ ಒಂದು ಪುದೀನ ಕುಡಿ ನೆಡಬೇಕು. ಕುಡಿಯುವಾಗ ಮೂಗು ಪುದೀನದ ಹತ್ತಿರ ಬರುವ ಹಾಗೆ ಸ್ಟ್ರಾ ಗಿಡ್ಡವಾಗಿರಲಿ. ಇದು ಅಲಂಕಾರವಲ್ಲ, ಅರ್ಧ ರುಚಿ ಆ ಪರಿಮಳದಲ್ಲೇ ಇದೆ.

1953ರಲ್ಲಿ ವಿಕ್ ಇದನ್ನು ಹವಾಯಿಯ ಹೋಟೆಲುಗಳಿಗೆ ಒಯ್ದ. ಅನಾನಸ್ ತೋಟಗಳ ನಾಡಿನಲ್ಲಿ ಅನಾನಸ್ ಸೇರಿಕೊಂಡಿತು. ಕೆಂಪು-ಹಳದಿ ಬಣ್ಣದ ಆ ಮೈ ತೈಯನ್ನು ಸಮುದ್ರದಂಡೆಯಲ್ಲಿ ಕುಡಿಯಿರಿ, ಬೇಡ ಎನ್ನುವುದಿಲ್ಲ. ಮೂಲದ್ದನ್ನು ಒಮ್ಮೆ ಕುಡಿದ ಮೇಲೆ ಮಾತ್ರ ಆಯ್ಕೆ ಮಾಡಿ.

ಜೋಂಬಿಯನ್ನು ಒಬ್ಬರಿಗೆ ಎರಡೇ ಕೊಡುವುದು ಯಾಕೆ?

ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. 1934ರ ಅಳತೆಯಲ್ಲಿ ಒಟ್ಟು 120 ಎಂಎಲ್ ರಮ್, ಅಂದರೆ ನಮ್ಮ ಭಾಷೆಯಲ್ಲಿ ಎರಡು ಲಾರ್ಜ್. ಅದರಲ್ಲಿ 30 ಎಂಎಲ್ ಗಯಾನಾದ ಡೆಮೆರಾರಾ ರಮ್, ಅದರ ಆಲ್ಕೋಹಾಲ್ ಪ್ರಮಾಣ ಶೇ 75ರ ಆಸುಪಾಸು. ನಮ್ಮಲ್ಲಿ ಸಿಗುವ ಶೇ 42.8ರ ರಮ್‌ಗೆ ಇಳಿಸಿದರೆ ಒಂದು ಜೋಂಬಿ ಸುಮಾರು 137 ಎಂಎಲ್ ಆಗುತ್ತದೆ. ದಾಲ್ಚಿನ್ನಿ, ಗ್ರೇಪ್‌ಫ್ರೂಟ್, ಲವಂಗದ ಫಲೆರ್ನಮ್ ಸಿರಪ್ ಎಲ್ಲ ಸೇರಿ ಆ ಖಾರವನ್ನು ಅಡಗಿಸಿಬಿಡುತ್ತವೆ. ಶರಬತ್ತಿನಂತೆ ಇಳಿಯುತ್ತದೆ, ಏಳುವಾಗ ಗೊತ್ತಾಗುತ್ತದೆ. ಎರಡೇ ಎಂಬ ನಿಯಮ ಡಾನ್‌ನ ಕಾಲದ್ದು. ನನ್ನ ಮಾತು ಕೇಳುವುದಾದರೆ ಒಂದೇ ಸಾಕು, ಅದೂ ಊಟ ಮಾಡಿ, ಕಾರ್ ಮನೆಯಲ್ಲಿ ಬಿಟ್ಟು ಬಂದು.

ಬೆಂಗಳೂರಿನಲ್ಲಿ ಮನೆಯಲ್ಲೇ ಮಾಡಬಹುದೇ?

ಖಂಡಿತ. ಬೇಕಾದ ಮಸಾಲೆ ನಿಮ್ಮ ಅಡುಗೆಮನೆಯಲ್ಲೇ ಇದೆ: ಚಕ್ಕೆ, ಲವಂಗ, ಶುಂಠಿ, ಜಾಯಿಕಾಯಿ. ರಮ್, ನಿಂಬೆ, ಓರ್ಜಾ ಈ ಮೂರರಲ್ಲಿ ಹುಷಾರಾಗಿರಿ.

ರಮ್: ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಟೂ ಇಂಡೀಸ್ ಕೆರೀಬಿಯನ್ ರಮ್‌ಗಳನ್ನು ನಮ್ಮ ಬೆಲ್ಲದ ರಮ್ ಜೊತೆ ಬೆರೆಸಿದ್ದು. ಮೈ ತೈಗೆ ನಾನು ಅದನ್ನೇ ಹೇಳುತ್ತೇನೆ. ಓಲ್ಡ್ ಮಾಂಕ್‌ನ ವೆನಿಲಾ ವಾಸನೆ ಮೈ ತೈಯಲ್ಲಿ ಬಾದಾಮಿಯನ್ನು ಮುಚ್ಚುತ್ತದೆ. ಅದು ಹೊಂದುವುದು ಜಂಗಲ್ ಬರ್ಡ್‌ಗೆ: ಡಾರ್ಕ್ ರಮ್, ಕಂಪಾರಿ ಎಂಬ ಕಹಿ ಮದ್ಯ, ಅನಾನಸ್ ರಸ, ನಿಂಬೆ, ಸಕ್ಕರೆ ಪಾಕ. 1970ರ ದಶಕದಲ್ಲಿ ಕ್ವಾಲಾಲಂಪುರದ ಹಿಲ್ಟನ್‌ನಲ್ಲಿ ಹುಟ್ಟಿದ ಪಾನೀಯ ಅದು, ಮಾಡಿದವರು ಜೆಫ್ರಿ ಓಂಗ್.

ನಿಂಬೆ: ಅಮೆರಿಕದ ಅಳತೆ ಅಲ್ಲಿನ ದೊಡ್ಡ ಹಸಿರು ನಿಂಬೆಗೆ ಬರೆದದ್ದು. ನಮ್ಮ ಪುಟ್ಟ ನಿಂಬೆ ಹುಳಿ ಜಾಸ್ತಿ, ಹಾಗಾಗಿ 30ರ ಜಾಗದಲ್ಲಿ 25 ಹಾಕಿ ರುಚಿ ನೋಡಿ. ಬಾಟಲಿ ರಸ ಮಾತ್ರ ಯಾವತ್ತೂ ಬೇಡ.

ಓರ್ಜಾ: ಬಾದಾಮಿಯನ್ನು ರಾತ್ರಿ ನೆನೆಹಾಕಿ ಸಿಪ್ಪೆ ತೆಗೆಯಿರಿ. ಸ್ವಲ್ಪ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಬಂದ ಹಾಲಿನಷ್ಟೇ ತೂಕದ ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಕರಗುವವರೆಗೆ ಮಾತ್ರ ಬಿಸಿ ಮಾಡಿ. ಕುದಿ ಬಂದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಆರಿದ ಮೇಲೆ ಕಿತ್ತಳೆ ಹೂವಿನ ನೀರು ಎರಡು ಹನಿ, ಸಿಗದಿದ್ದರೆ ಪನ್ನೀರು. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ, ಬಳಸುವ ಮುಂಚೆ ಕುಲುಕಿ. ಅಂಗಡಿಯ ಬಾದಾಮಿ ಎಸೆನ್ಸ್ ಹಾಕಿದರೆ ಔಷಧಿ ವಾಸನೆ ಬಂದು ಎಲ್ಲ ಹಾಳು.

ಪುಡಿ ಐಸ್‌ಗೆ ಯಂತ್ರ ಬೇಕಿಲ್ಲ. ಒದ್ದೆ ಟವೆಲ್‌ನಲ್ಲಿ ಸುತ್ತಿ ಲಟ್ಟಣಿಗೆಯಲ್ಲಿ ಬಡಿಯಿರಿ.

ನಾನು ಕುಡಿಯುವುದಿಲ್ಲ. ನನಗೆ ಅಲ್ಲಿ ಏನು ಕೆಲಸ?

ಬೇಕಾದಷ್ಟಿದೆ. ಈಗಿನ ಒಳ್ಳೆಯ ಟಿಕಿ ಬಾರ್‌ಗಳಲ್ಲಿ ಮದ್ಯವಿಲ್ಲದ ಪಟ್ಟಿ ಬೇರೆಯೇ ಇರುತ್ತದೆ, ಅದೇ ಟಿಕಿ ಮುಖದ ಮಗ್, ಅದೇ ಪುದೀನ. ಹಣ್ಣು, ಹುಳಿ, ಮಸಾಲೆ, ಬಾದಾಮಿ ಈಗಾಗಲೇ ಇರುವುದರಿಂದ ರಮ್ ತೆಗೆದರೂ ಪಾನೀಯ ಬಡವಾಗುವುದಿಲ್ಲ. ಮನೆಯಲ್ಲಿ ಮಾಡುವುದಾದರೆ ಅನಾನಸ್ ರಸ 90 ಎಂಎಲ್, ನಿಂಬೆರಸ 25, ಓರ್ಜಾ 25, ಚಕ್ಕೆ ಕುದಿಸಿದ ಸಕ್ಕರೆ ಪಾಕ 10, ಒಂದು ಹರಳು ಉಪ್ಪು, ಪುಡಿ ಐಸ್. ಮೇಲೆ ಜಾಯಿಕಾಯಿ ತುರಿಯಿರಿ. ಒಂದು ಎಚ್ಚರಿಕೆ: ಅಂಗೋಸ್ತುರಾ ಬಿಟರ್ಸ್ ಎಂಬ ಕಹಿ ಹನಿಗಳಲ್ಲೂ ಆಲ್ಕೋಹಾಲ್ ಇದೆ. ಪೂರ್ತಿ ಬೇಡದವರು ಹೇಳಿ ತೆಗೆಸಿ.

ಸಸ್ಯಾಹಾರಿಗಳಿಗೆ ತಿನ್ನಲು ಏನು ಸಿಗುತ್ತದೆ?

ಹಳೆಯ ಕಾಲದ ಪುಪು, ಅಂದರೆ ಬಗೆಬಗೆಯ ತಿಂಡಿಗಳ ತಟ್ಟೆಯಲ್ಲಿ ಕಷ್ಟ. ರುಮಾಕಿ ಎಂದರೆ ಕೋಳಿಯ ಪಿತ್ತಜನಕಾಂಗಕ್ಕೆ ಬೇಕನ್ ಸುತ್ತಿದ್ದು, ಕ್ರ್ಯಾಬ್ ರಂಗೂನ್‌ನಲ್ಲಿ ಏಡಿ. ತರಕಾರಿ ಸ್ಪ್ರಿಂಗ್ ರೋಲ್, ತೋಫು, ಫ್ರೈಡ್ ರೈಸ್ ಸಿಗುತ್ತದೆ. ಆಯ್ಸ್ಟರ್ ಸಾಸ್, ಫಿಶ್ ಸಾಸ್ ಇದೆಯೇ ಎಂದು ಕೇಳಲೇಬೇಕು. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಸಾಸ್ ಲೆಕ್ಕಕ್ಕೆ ಬರುವುದಿಲ್ಲ. ಹಲವು ಬಾರ್‌ಗಳಲ್ಲಿ ಊಟವೇ ಇರುವುದಿಲ್ಲ, ಉಂಡು ಹೋಗಿ.

ಅಸಲಿ ದ್ವೀಪಗಳಲ್ಲಿ ಮಾತ್ರ ಕರಾವಳಿಯವರಿಗೆ ಸಂತೋಷದ ಸುದ್ದಿ. ಅಲ್ಲಿನ ಮುಖ್ಯ ಆಹಾರ ಕೆಸುವಿನ ಗಡ್ಡೆ ಮತ್ತು ಜೀಗುಜ್ಜೆ. ಮಂಗಳೂರು-ಉಡುಪಿಯಲ್ಲಿ ಪೋಡಿ ಮಾಡುವ ಅದೇ ಜೀಗುಜ್ಜೆ! ತಹಿತಿಯಿಂದ ಜೀಗುಜ್ಜೆ ಸಸಿಗಳನ್ನು ಹೊತ್ತು ಹೊರಟಾಗಲೇ 1789ರಲ್ಲಿ ಬೌಂಟಿ ಹಡಗಿನಲ್ಲಿ ದಂಗೆಯಾದದ್ದು. ಕೆರೀಬಿಯನ್ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲಿ ಎಂಬುದು ಬ್ರಿಟಿಷರ ಯೋಜನೆ. ಎರಡನೇ ಯಾತ್ರೆಯಲ್ಲಿ 1793ಕ್ಕೆ ಅದು ಜಮೈಕಾ ಮುಟ್ಟಿತು. ಹವಾಯಿಯಲ್ಲಿ ತೆಂಗಿನಹಾಲಿನ ಹೌಪಿಯಾ ಎಂಬ ಸಿಹಿ ತಿನ್ನದೆ ಬರಬೇಡಿ.

ಮೊದಲ ಸಲ ಹೋಗುವವರಿಗೆ ಯಾವ ಬಾರ್?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರೆ ಫೇರ್‌ಮಾಂಟ್ ಹೋಟೆಲಿನ ಟೋಂಗಾ ರೂಮ್. 1929ರಲ್ಲಿ ಕಟ್ಟಿದ ಈಜುಕೊಳ ಅದು. 1945ರಲ್ಲಿ ಎಂಜಿಎಂ ಸ್ಟುಡಿಯೋದ ಸೆಟ್ ವಿನ್ಯಾಸಕ ಮೆಲ್ ಮೆಲ್ವಿನ್ ಅದನ್ನು ಕೆರೆ ಮಾಡಿ ಸುತ್ತ ಮೇಜು ಹಾಕಿಸಿದ. ಗಾಯಕರ ತಂಡ ತೆಪ್ಪದ ಮೇಲೆ ಕೂತು ನೀರಿನ ನಡುವೆ ತೇಲಿ ಬರುತ್ತದೆ. ಆಗಾಗ ಗುಡುಗು, ಮಿಂಚು, ಕೊಳದ ಮೇಲೆ ಸುರಿಯುವ ಮಳೆ. ಪಾನೀಯ ಸಾಧಾರಣ, ಜಾಗ ಅಪೂರ್ವ. ಪಾನೀಯವೇ ಮುಖ್ಯ ಎನ್ನುವವರು ಅದೇ ಊರಿನ ಸ್ಮಗ್ಲರ್ಸ್ ಕೋವ್‌ಗೆ ಹೋಗಿ. ಮಾರ್ಟಿನ್ ಕೇಟ್ 2009ರಲ್ಲಿ ತೆರೆದದ್ದು, ನೂರಾರು ರಮ್‌ಗಳಿವೆ. ಅಲ್ಲಿನ ಮೈ ತೈ ಕುಡಿದು ನೋಡಿ, ಮೇಲೆ ನಾನು ಹೇಳಿದ್ದೆಲ್ಲ ನಾಲಿಗೆಗೇ ತಿಳಿಯುತ್ತದೆ.

ಫ್ಲೋರಿಡಾದವರಿಗೆ ಮೈ-ಕೈ. 1956ರ ಡಿಸೆಂಬರ್‌ನಲ್ಲಿ ಶುರುವಾಗಿ, 2020ರ ಅಕ್ಟೋಬರ್‌ನಲ್ಲಿ ಮಳೆಗೆ ಸೂರು ಕುಸಿದು ಮುಚ್ಚಿತ್ತು. 2024ರ ಕೊನೆಗೆ ಮತ್ತೆ ಬಾಗಿಲು ತೆರೆಯಿತು. ಆ ಸುದ್ದಿ ಕೇಳಿದ ದಿನ ನನಗಾದ ನೆಮ್ಮದಿ ಹೇಳತೀರದು. ದುಬೈ, ಅಬುಧಾಬಿಯ ಕನ್ನಡಿಗರಿಗೆ ಟ್ರೇಡರ್ ವಿಕ್ಸ್ ಹತ್ತಿರ.

ಮಕ್ಕಳನ್ನು ಕರೆದೊಯ್ಯಬಹುದೇ?

ಅಮೆರಿಕದಲ್ಲಿ ಬರೀ ಬಾರ್ ಆದರೆ 21 ತುಂಬಿರಬೇಕು, ಪಾಸ್‌ಪೋರ್ಟ್ ಜೊತೆಗಿರಲಿ, ತಲೆ ನರೆತವರಿಗೂ ಕೇಳುತ್ತಾರೆ. ಮಕ್ಕಳಿದ್ದರೆ ಒರ್ಲ್ಯಾಂಡೊದ ಡಿಸ್ನಿಯಲ್ಲಿ 1971ರಿಂದ ಇರುವ ಪಾಲಿನೇಷ್ಯನ್ ರೆಸಾರ್ಟ್, ಇಲ್ಲವೇ ಕ್ಯಾಲಿಫೋರ್ನಿಯಾ ಡಿಸ್ನಿಲ್ಯಾಂಡಿನಲ್ಲಿ 1963ರಿಂದ ಗೊಂಬೆ ಹಕ್ಕಿಗಳು ಹಾಡುವ ಟಿಕಿ ಕೊಠಡಿ ಸಾಕು.

ದೇವರ ಮೂರ್ತಿಯನ್ನು ಲೋಟ ಮಾಡಿ ಕುಡಿಯುವುದು ತಪ್ಪಲ್ಲವೇ?

ನಮ್ಮವರಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತದೆ. ಗಣಪತಿಯ ಚಿತ್ರವನ್ನು ಚಪ್ಪಲಿಯ ಮೇಲೆ ಕಂಡಾಗ ಆಗುವ ಸಂಕಟ ಗೊತ್ತಿರುವವರು ಪೆಸಿಫಿಕ್ ದ್ವೀಪದವರ ನೋವನ್ನು ವಿವರಿಸದೆಯೇ ತಿಳಿಯಬಲ್ಲರು. ಅವರಲ್ಲಿ ಹಲವರು ಟಿಕಿ ಬಾರ್‌ಗಳನ್ನು ನೇರವಾಗಿಯೇ ವಿರೋಧಿಸುತ್ತಾರೆ.

ಇತಿಹಾಸವೂ ಜೊತೆಗಿದೆ. ಹವಾಯಿಯಲ್ಲಿ 1819ರಲ್ಲಿ ಹಳೆಯ ಧರ್ಮದ ಕಟ್ಟಳೆಗಳು ರದ್ದಾದಾಗ ಮೂರ್ತಿಗಳನ್ನು ಸುಟ್ಟರು. 1893ರ ಜನವರಿ 17ರಂದು ಸಕ್ಕರೆ ವ್ಯಾಪಾರಿಗಳ ಗುಂಪು ಅಮೆರಿಕದ ನೌಕಾಪಡೆಯ ನೆರಳಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿತು. 1898ರಲ್ಲಿ ಅಮೆರಿಕ ದೇಶವನ್ನೇ ಸೇರಿಸಿಕೊಂಡಿತು. ಅಮೆರಿಕದ ಬಾರ್‌ಗಳಲ್ಲಿ ಸ್ವರ್ಗದಂಥ ದ್ವೀಪದ ಅಲಂಕಾರ ನಡೆದಿದ್ದ ಕಾಲದಲ್ಲೇ, 1966ರಿಂದ 1996ರವರೆಗೆ, ಫ್ರಾನ್ಸ್ ತಹಿತಿಯ ಆಚೆಯ ಮೊರುರೊವಾ, ಫಂಗಟೌಫಾ ಹವಳದ್ವೀಪಗಳಲ್ಲಿ ಅಣುಬಾಂಬು ಪರೀಕ್ಷೆ ಮಾಡುತ್ತಿತ್ತು.

ಹಾಗಂತ ಫಿಲಿಪಿನೋ ಕೈಗಳು ಕಟ್ಟಿದ ಈ ಕಲೆಯನ್ನು ಕಸದಬುಟ್ಟಿಗೆ ಹಾಕಬೇಕೆಂದು ನನಗನ್ನಿಸುವುದಿಲ್ಲ. ರಮ್, ಮಸಾಲೆ, ಮಳೆ ಸದ್ದು, ಮಬ್ಬು ದೀಪ ಇರಲಿ. ದೇವರ ಮುಖ, ಹೆಂಗಸರನ್ನು ಹುಲ್ಲು ಲಂಗದ ಗೊಂಬೆ ಮಾಡಿದ ಮಗ್‌ಗಳು ಬೇಡ. ಹಲವು ಹೊಸ ಬಾರ್‌ಗಳು ಈಗ ಹಡಗು, ಕಾಡು, ಸಮುದ್ರಜೀವಿಗಳ ಅಲಂಕಾರಕ್ಕೆ ಹೊರಳಿವೆ. ರುಚಿ ಒಂದಿಷ್ಟೂ ಕಡಿಮೆಯಾಗಿಲ್ಲ.

ಅಸಲಿ ಮೂರ್ತಿಗಳನ್ನು, ಅಸಲಿ ಪರಂಪರೆಯನ್ನು ಎಲ್ಲಿ ನೋಡುವುದು?

ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಕೂ ದೇವರ ದೊಡ್ಡ ಮರದ ಮೂರ್ತಿ ಇದೆ. ಆ ಗಾತ್ರದವು ಜಗತ್ತಿನಲ್ಲಿ ಉಳಿದಿರುವುದು ಮೂರೇ; ಉಳಿದೆರಡು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮತ್ತು ಅಮೆರಿಕದ ಸೇಲಂನಲ್ಲಿ. 2010ರಲ್ಲಿ ಮೂರನ್ನೂ ಹೊನೊಲುಲುವಿಗೆ ತಂದು ಒಟ್ಟಿಗೆ ನಿಲ್ಲಿಸಿದ್ದರು. ಮಾರ್ಕೆಸಾಸ್‌ನ ಹಿವಾ ಓವಾ ದ್ವೀಪದಲ್ಲಿ ಸುಮಾರು ಎರಡೂವರೆ ಮೀಟರ್ ಎತ್ತರದ ಕಲ್ಲಿನ ಟಿಕಿ ಬಯಲಲ್ಲೇ ನಿಂತಿದೆ. ತಹಿತಿ ಕಡೆಯ ರಯಾಟೆಯಾ ದ್ವೀಪದ ತಪುತಪುಆಟೆಯಾ ಎಂಬ ಪುಣ್ಯಕ್ಷೇತ್ರ 2017ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಹೋಕುಲೆಅ ಎಂಬ ಜೋಡಿದೋಣಿಯ ಬಗ್ಗೆಯೂ ಕೇಳಿ ತಿಳಿದುಕೊಳ್ಳಿ. 1976ರಲ್ಲಿ ಮೈಕ್ರೊನೇಷ್ಯಾದ ಸತವಾಲ್ ದ್ವೀಪದ ಮೌ ಪಿಯೈಲುಗ್, ದಿಕ್ಸೂಚಿ, ನಕ್ಷೆ ಏನೂ ಇಲ್ಲದೆ, ನಕ್ಷತ್ರ ಮತ್ತು ಅಲೆಗಳ ಬಾಗನ್ನು ಓದಿ ಅದನ್ನು ಹವಾಯಿಯಿಂದ ತಹಿತಿಗೆ ಮುಟ್ಟಿಸಿದ. ಪಾಲಿನೇಷ್ಯನ್ನರು ಗಾಳಿಗೆ ಸಿಕ್ಕು ತೇಲಿಬಂದವರು ಎನ್ನುತ್ತಿದ್ದವರಿಗೆ ಅದು ಉತ್ತರವಾಯಿತು. ಮನೆಮಂದಿಯೊಂದಿಗೆ ಹೋದರೆ ಓಆಹು ದ್ವೀಪದ ಲಾಯೆಯಲ್ಲಿ 1963ರಿಂದ ಇರುವ ಪಾಲಿನೇಷ್ಯನ್ ಕಲ್ಚರಲ್ ಸೆಂಟರ್ ಇದೆ. ಮಾರ್ಮನ್ ಚರ್ಚಿನದು, ಮದ್ಯ ಇಲ್ಲ. ಪಕ್ಕದ ವಿಶ್ವವಿದ್ಯಾಲಯದ ಮಕ್ಕಳೇ ತಮ್ಮ ತಮ್ಮ ದ್ವೀಪದ ಕಲೆ ತೋರಿಸುತ್ತಾರೆ.

ಹವಾಯಿ, ತಹಿತಿ, ಫಿಜಿ: ಯಾವುದು ನಮಗೆ ಸರಿ?

ಹವಾಯಿ ಸುಲಭ. ಸ್ಯಾನ್ ಫ್ರಾನ್ಸಿಸ್ಕೋದಿಂದ ಐದೂವರೆ ಗಂಟೆ, ಅಮೆರಿಕದ ವೀಸಾ ಸಾಕು. ಆಕ್ಸಿಬೆನ್ಝೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಅಲ್ಲಿ 2021ರಿಂದ ಮಾರುವಂತಿಲ್ಲ, ಹವಳ ಸಾಯುತ್ತದೆ. ಊರಿನಿಂದ ಕೂಡ ಒಯ್ಯಬೇಡಿ.

ತಹಿತಿ, ಬೋರಾಬೋರಾ ದುಬಾರಿ. ನೀರಿನ ಮೇಲೆ ಕಂಬ ನೆಟ್ಟ ಬಂಗಲೆಗಳು ಸಾವಿರ ವರ್ಷದ ಪದ್ಧತಿ ಎಂದು ನಂಬಿದವರಿದ್ದಾರೆ. 1967ರಲ್ಲಿ ಮೂವರು ಕ್ಯಾಲಿಫೋರ್ನಿಯಾದವರು ರಯಾಟೆಯಾದ ತಮ್ಮ ಹೋಟೆಲಿಗೆ ಮರಳಿನ ದಂಡೆ ಇಲ್ಲವೆಂದು ಕಂಡುಕೊಂಡ ಉಪಾಯ ಅದು. ಫ್ರೆಂಚ್ ಪಾಲಿನೇಷ್ಯಾ ಶೆಂಗೆನ್ ವ್ಯಾಪ್ತಿಗೆ ಸೇರಿಲ್ಲ. ಶೆಂಗೆನ್ ವೀಸಾ ಇದೆಯೆಂದು ಟಿಕೆಟ್ ಮಾಡಿಸಬೇಡಿ, ಫ್ರೆಂಚ್ ವೀಸಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಲಾಸ್ ಏಂಜಲಿಸ್ ಮೂಲಕ ಹೋದರೆ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು. ಜುಲೈಯಲ್ಲಿ ಹೋದರೆ ಹೈವಾ ಉತ್ಸವದ ನೃತ್ಯ ಸಿಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಮಿಷನರಿಗಳು ನಿಲ್ಲಿಸಿದ್ದ ನೃತ್ಯ ಅದು. ಒಂದು ಬಂಗಲೆ ರಾತ್ರಿಯ ದುಡ್ಡಲ್ಲಿ ಮೊರೆಯಾ ದ್ವೀಪದ ಸ್ಥಳೀಯ ಕುಟುಂಬದ ಅತಿಥಿಗೃಹದಲ್ಲಿ ಹಲವು ದಿನ ಕಳೆಯಬಹುದು, ನಾನು ಅದನ್ನೇ ಹೇಳುವುದು.

ಫಿಜಿ ಪಾಲಿನೇಷ್ಯಾ ಅಲ್ಲ, ಮೆಲನೇಷ್ಯಾ. ಆದರೂ ಭಾರತದಿಂದ ಹೋಗುವವರಿಗೆ ಮನಸ್ಸಿಗೆ ಹತ್ತಿರ. 1879ರಿಂದ 1916ರವರೆಗೆ ಸುಮಾರು 60,000 ಜನರನ್ನು ಕರಾರು ಕೂಲಿಗಳಾಗಿ ಕಬ್ಬಿನ ತೋಟಕ್ಕೆ ಒಯ್ದರು, ಮೊದಲು ಕಲ್ಕತ್ತೆಯಿಂದ, 1903ರ ಬಳಿಕ ಮದರಾಸಿನಿಂದಲೂ. ಅವರ ಮೊಮ್ಮಕ್ಕಳ ಹೋಟೆಲುಗಳಲ್ಲಿ ರೋಟಿ, ಪಲ್ಯ ಸಿಗುತ್ತದೆ. ಹಳ್ಳಿಯಲ್ಲಿ ಕಾವಾ ಕೊಟ್ಟರೆ ಒಮ್ಮೆ ಚಪ್ಪಾಳೆ ತಟ್ಟಿ, ತೆಂಗಿನ ಚಿಪ್ಪನ್ನು ಒಂದೇ ಗುಟುಕಿಗೆ ಮುಗಿಸಿ. ನಾಲಿಗೆ ಜೋಮು ಹಿಡಿಯುತ್ತದೆ, ಗಾಬರಿ ಬೇಡ. ಅದರ ಜೊತೆ ಮದ್ಯ ಮಾತ್ರ ಬೇಡ.

ಮಗ್ ಮನೆಗೆ ತರಬಹುದೇ?

ದುಡ್ಡು ಕೊಟ್ಟರೆ ತರಬಹುದು. ಪಾನೀಯದ ಬೆಲೆಯಲ್ಲಿ ಮಗ್ ಸೇರಿರುವುದಿಲ್ಲ, ಬೇಕಿದ್ದರೆ ಹೊಸದನ್ನು ಪೆಟ್ಟಿಗೆಯಲ್ಲಿ ಕೊಡುತ್ತಾರೆ. ಯಾವುದು ಮಾರಾಟಕ್ಕೆ, ಯಾವುದು ಬಾರ್‌ನದೇ ಎಂದು ಕೇಳಿಕೊಳ್ಳಿ. ಚೀಲಕ್ಕೆ ಇಳಿಸುವವರ ಕಾಟಕ್ಕೆ ಕೆಲವು ಕಡೆ ಗುರುತಿನ ಚೀಟಿ ಇಟ್ಟುಕೊಂಡೇ ಕೊಡುತ್ತಾರೆ. ಒಳಗೆ ಕಾಲುಚೀಲ ತುರುಕಿ, ಹೊರಗೆ ಬಟ್ಟೆ ಸುತ್ತಿ, ಕೈಚೀಲದಲ್ಲೇ ಇಟ್ಟುಕೊಂಡು ಬನ್ನಿ.